ಹಳೆ ಊರಿನಿಂದ ಬಂದ ಹೊಸ್ತಿಲು

ಮನೆಯಲ್ಲಿ ಕೆಟ್ಟದ್ದನ್ನು ಕೆಟ್ಟ ಹಾಗೇ ಬಿಡುವ ಹೆಂಗಸಲ್ಲ ಸುನಂದಾ. ಜೋಳಕ್ಕೆ ನುಸಿ ಬಿದ್ದರೆ ಬೇವಿನೆಲೆ, ಹಟ ಹಿಡಿದ ಕಪಾಟಿನ ಖಾನೆಗೆ ಮೇಣದ ಬತ್ತಿ, ಸೋರುವ ನಳಕ್ಕೆ ಸೈಕಲ್ ಟ್ಯೂಬಿನ ಚೂರು. ಕಲಾದಗಿಯ ತವರಿನಿಂದ ಬರುವಾಗಲೇ ಈ ಬುದ್ಧಿಯನ್ನು ಕಟ್ಟಿಕೊಂಡು ಬಂದವಳು. ನವನಗರದ ಅವರ ಓಣಿಯಲ್ಲಿ ಯಾರ ಮನೆಯ ಮೋರಿ ಕಟ್ಟಿದರೂ ಮೊದಲು ಕೂಗುವುದು ಸುನಂದಕ್ಕನನ್ನೇ.

ಆದರೆ ಹಿತ್ತಲ ಗಿಡ ಮದ್ದಲ್ಲ. ತನ್ನ ಮನೆಯ ತಲೆಬಾಗಿಲಿನ ವಿಷಯದಲ್ಲಿ ಅವಳ ಒಂದು ಮಾತೂ ನಡೆಯುತ್ತಿರಲಿಲ್ಲ.

ಅದು ಹಳೆ ಬಾಗಲಕೋಟೆಯ ಬಾಗಿಲು. ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದಾಗ ಊರಿನವರು ತಮ್ಮ ಮನೆಗಳನ್ನು ತಾವೇ ಬಿಚ್ಚಿ, ತೊಲೆ, ಕಂಬ, ಕಿಟಕಿಗಳನ್ನು ಹೇರಿಕೊಂಡು ಇಲ್ಲಿಗೆ ಬಂದರು. ಸುನಂದಾಳ ಮಾವ ಚೌಕಟ್ಟು, ಹೊಸ್ತಿಲು ಸಮೇತ ತಲೆಬಾಗಿಲನ್ನೇ ಟ್ರ್ಯಾಕ್ಟರಿನ ಮೇಲೆ ತಂದು ಸಿಮೆಂಟಿನ ಹೊಸ ಮನೆಗೆ ಕೂರಿಸಿದ. ದನ, ಧೂಳು ಒಳಗೆ ಬರದಿರಲೆಂದು ದೊಡ್ಡ ಮನೆಗೆ ಮಾಡಿಸಿದ್ದ ಗೇಣೆತ್ತರದ ಸಾಗವಾನಿ ಹೊಸ್ತಿಲು, ಮೂರು ಕೋಣೆಯ ಮನೆಗೆ! ಮದುವೆಯಾಗಿ ಬಂದ ದಿನವೇ ಸುನಂದಾ ಅದಕ್ಕೆ ಎಡವಿದ್ದಳು. ಆಮೇಲೆ ಗ್ಯಾಸ್ ಸಿಲಿಂಡರ್ ಎಡವಿತು, ಬಟ್ಟೆ ಒಗೆಯುವ ಯಂತ್ರ ಎಡವಿತು, ಬಂದ ಬೀಗರೆಲ್ಲ ಎಡವಿದರು. ಅವಳು ಪ್ರತಿದಿನ ಬೈಯುತ್ತಲೇ ಅದನ್ನು ತೊಳೆದು, ಅರಿಶಿನ ಹಚ್ಚಿ, ಹೂವಿಡುತ್ತಿದ್ದಳು.

"ಸ್ವಲ್ಪ ಕೊರಿಸೂಣ್ರಿ" ಎಂದರೆ ಗಂಡ ಕಾಶಪ್ಪನದು ಒಂದೇ ಮಾತು: "ನಮ್ಮಪ್ಪ ತಂದದ್ದು. ಊರು ಮುಳುಗಿದ್ರೂ ಇದನ್ನ ಮುಳುಗಿಸ್ಲಿಲ್ಲ. ಇದರ ಮ್ಯಾಲ ಗರಗಸ ಇಟ್ರ ನಮ್ಮವ್ವ ಉಳೀತಾಳೇನು?" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಅವ್ವನನ್ನು ಒಮ್ಮೆಯಾದರೂ ಕೇಳಿದ್ದನೇ ಎಂದರೆ, ಅದೂ ಇಲ್ಲ.

ಅವನ ಅವ್ವ ಗುರುಸಿದ್ದವ್ವ ಮನೆಯೊಳಗೆ ಕೂರುವ ಮುದುಕಿಯೇ ಅಲ್ಲ. ಸಂಜೆಯಾದರೆ ಮನೆ ಮುಂದಿನ ಬೇವಿನ ಕಟ್ಟೆ ಅವಳದು. ಸಂತೆಯಿಂದ ಬರುವವರನ್ನು ತಡೆದು, ಚೀಲ ಬಿಚ್ಚಿಸಿ, ಬದನೆಕಾಯಿ ಎಳೆಯದೋ ಬಲಿತದ್ದೋ ಎಂದು ತೀರ್ಪು ಕೊಟ್ಟೇ ಮುಂದೆ ಬಿಡುತ್ತಿದ್ದಳು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ಗಾಲಿ ಕುರ್ಚಿ ಬಂತು. ಕುರ್ಚಿ ಮನೆಯಲ್ಲೆಲ್ಲ ಉರುಳುತ್ತಿತ್ತು, ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ಹಿತ್ತಲ ಬಾಗಿಲೋ, ಕುರ್ಚಿ ಹಿಡಿಸಲಾರದಷ್ಟು ಸಣ್ಣದು.

ಸುನಂದಾ ಸುಮ್ಮನಿರಲಿಲ್ಲ. ಮೊದಲು ಹಲಗೆ ಹಾಕಿ ನೋಡಿದಳು. ಏರು ಕಡಿದಾಗಿ ಕುರ್ಚಿ ಹಿಂದಕ್ಕೇ ಜಾರಿತು. ಹೊರಗೆ ಮೆಟ್ಟಿಲಿನ ಜಾಗದಲ್ಲಿ ಸಿಮೆಂಟಿನ ಇಳಿಜಾರು ಮಾಡಿಸಿದಳು. ಇಳಿಯಲು ಅನುಕೂಲವಾಯಿತು, ಆದರೆ ಇಳಿಯಬೇಕೆಂದರೆ ಒಳಗಿನಿಂದ ಹೊಸ್ತಿಲು ಹತ್ತಬೇಕಲ್ಲ! ಒಳಗೂ ಇಳಿಜಾರು ಮಾಡಿದರೆ ಪಡಸಾಲೆಯ ಅರ್ಧ ಅದಕ್ಕೇ ಹೋಗುತ್ತಿತ್ತು. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಸಲೀಸಾಗಿ ರಬ್ಬರಿನ ದಿಬ್ಬ ಇಟ್ಟು ಕುರ್ಚಿ ದಾಟಿಸುತ್ತಿದ್ದ. ಅವನ ಮನೆಯ ಹೊಸ್ತಿಲು ಎರಡು ಬೆರಳಿನದು. "ನಿಂಗೇನ ಗೊತ್ತೋ ನಮ್ಮ ಕರ್ಮ" ಎಂದು ಮೊಬೈಲನ್ನೇ ಬೈದು ಮಗುಚಿ ಹಾಕಿದಳು.

ಕೊನೆಗೆ ಉಳಿದದ್ದು ಎತ್ತಿ ದಾಟಿಸುವುದು. ಕಾಶಪ್ಪನೂ ಪಕ್ಕದ ಮನೆಯ ಸುಭಾನಸಾಬನೂ ಕುರ್ಚಿಯನ್ನು ಆಚೀಚೆ ಹಿಡಿದು ಎತ್ತುತ್ತಿದ್ದರು. ಒಂದು ಸಂಜೆ ಗಾಲಿ ಹೊಸ್ತಿಲಿಗೆ ಸಿಕ್ಕಿ ಕುರ್ಚಿ ವಾಲಿತು. ಮುದುಕಿ ಬೀಳಲಿಲ್ಲ, ಅವಳನ್ನು ಹಿಡಿಯಲು ಹೋಗಿ ಕಾಶಪ್ಪನ ನಡು ಉಳುಕಿತು. ವಾರಗಟ್ಟಲೆ ನಡುವಿಗೆ ಪಟ್ಟಿ ಬಿಗಿದುಕೊಂಡೇ ಕಚೇರಿಗೆ ಹೋದ.

ಅಂದಿನಿಂದ ಗುರುಸಿದ್ದವ್ವ ಹೊರಗೆ ಬರುವುದಿಲ್ಲ ಎಂದಳು. "ಬ್ಯಾಡವಾ, ಹೊರಗ ಏನೈತಿ? ಒಳಗ ತಂಪೈತಿ" ಎಂದು ಹಾಸಿಗೆಯಿದ್ದ ಒಳಕೋಣೆಗೆ ಸೇರಿಕೊಂಡಳು. ಆ ಕೋಣೆಯ ಕಿಟಕಿಗೆ ಕಾಣುವುದು ಪಕ್ಕದ ಮನೆಯ ಗೋಡೆಯೊಂದೇ. ಪಡಸಾಲೆಗೆ ಕರೆದರೂ ಬರಲೊಲ್ಲಳು. ಕಾಶಪ್ಪ ಅದನ್ನು ನಂಬಿದ. "ಅವ್ವಗ ಒಳಗೇ ಹಿತ ಆಗೇತಿ, ನೀ ಯಾಕ ಒದ್ದಾಡ್ತಿ?" ಎಂದ. ಸುನಂದಾಳಿಗೆ ಮೈಯೆಲ್ಲ ಉರಿಯಿತು. ಹಿತವಾಗಿದ್ದವಳು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಾಳೆಯೇ? ಮಾತಿನ ಮಲ್ಲಿ ದಿನವಿಡೀ ಗೋಡೆ ನೋಡುತ್ತ ಮಲಗುತ್ತಾಳೆಯೇ? ಹೀಗೇ ಬಿಟ್ಟರೆ ಅತ್ತೆ ಆ ಕೋಣೆಯಿಂದ ಇನ್ನು ಹೆಗಲ ಮೇಲೆಯೇ ಹೊರಗೆ ಬರುವುದು ಎಂಬ ಹೆದರಿಕೆ ಅವಳ ಎದೆಯಲ್ಲಿ ಕೂತಿತು. ಗಂಡನಿಗೆ ಹೇಳಿದರೆ ಕಲ್ಲಿನ ಮೇಲೆ ನೀರು ಸುರಿದಂತೆ.

ಹೀಗೇ ತಿಂಗಳುಗಳು ಉರುಳಿದವು. ಒಂದು ದಿನ ಗಂಡ ಕಚೇರಿಗೆ ಹೋದ ಮೇಲೆ ಬಡಗಿ ಅಶ್ಫಾಕನನ್ನು ಕರೆಸಿದಳು. ಅವನು ಬಂದ, ಕೂತು ಅಳೆದ, ಹೊಸ್ತಿಲ ಮೇಲಿದ್ದ ಅರಿಶಿನ ಹೂವು ನೋಡಿ ಎದ್ದು ನಿಂತ.

"ಅಕ್ಕಾರ, ಪೂಜಾ ಮಾಡಿದ್ದು ಐತಿ. ಯಜಮಾನ್ರು ಇಲ್ದಾಗ ನಾ ಇದಕ್ಕ ಗರಗಸ ಹಚ್ಚಂಗಿಲ್ರಿ."

"ಪೂಜಾ ಮಾಡಿದಾಕಿ ನಾನು. ನಾನಽ ಹೇಳಾಕತ್ತೇನಲ್ಲ!"

"ನೀವು ಹೇಳ್ತೀರಿ. ಸಂಜಿಕೆ ಅವರು ನನ್ನ ಬೈತಾರ." ಸಾಮಾನು ಎತ್ತಿಕೊಂಡು ಹೋಗಿಯೇಬಿಟ್ಟ.

ಸುನಂದಾಳಿಗೆ ಸಿಟ್ಟು ನೆತ್ತಿಗೇರಿತು. ತೊಳೆಯುವುದಕ್ಕೆ ತಾನು, ಎಡವುವುದಕ್ಕೆ ತಾನು, ಹೇಳುವ ಅಧಿಕಾರ ಮಾತ್ರ ಇನ್ನೊಬ್ಬರದು. ಅಟ್ಟದ ಮೇಲಿನಿಂದ ತನ್ನದೇ ಗರಗಸ ಇಳಿಸಿದಳು. ಹೂವು ತೆಗೆದು, ಅರಿಶಿನ ಒರೆಸಿ, ಹೊಸ್ತಿಲಿಗೆ ನಮಸ್ಕಾರ ಮಾಡಿದಳು. ಸೆರಗು ಬಿಗಿದು ಕೂತು ಎಡಗಡೆಯ ತುದಿಗೆ ಗರಗಸ ಇಟ್ಟಳು. ಎರಡೂ ತುದಿ ಕೊಯ್ದರೆ ನಡುವಿನ ತುಂಡು ಹಾರೆಗೆ ಎದ್ದು ಬರುತ್ತದೆ ಎಂಬುದು ಅವಳ ಲೆಕ್ಕ. ಸಾಗವಾನಿ ಸುಮ್ಮನೆ ಬಗ್ಗುವ ಕಟ್ಟಿಗೆಯೇ? ಮಧ್ಯಾಹ್ನ ಕಳೆದು, ಅಂಗೈಯಲ್ಲಿ ಗುಳ್ಳೆ ಎದ್ದು, ಎಡಗಡೆಯ ತುದಿ ನೆಲ ಮುಟ್ಟುವ ಹೊತ್ತಿಗೆ ಕಾಶಪ್ಪ ಬಂದು ಇಳಿಜಾರಿನ ಮೇಲೆ ನಿಂತಿದ್ದ.

"ಏನ ಮಾಡಿದಿ ಇದು?" ಬಗ್ಗಿ ಕೊಯ್ದ ತುದಿಯನ್ನು ಮುಟ್ಟಿದ. "ಅಪ್ಪನ ಹೊಸ್ತಿಲಾ ಕೊಯ್ದಿ?"

"ಕೊಯ್ದೇನಿ. ಬೇಕಾದ್ರ ಹೊಡೀರಿ. ಕಟ್ಟಿಗಿ ಸಂಬಂಧ ಹಡೆದ ಅವ್ವನ್ನ ಒಳಗ ಕೊಳೆ ಹಾಕೀರಿ, ನಾಚಿಕಿ ಇಲ್ಲ ನಿಮಗ!"

ಇಷ್ಟು ವರ್ಷದಲ್ಲಿ ಅವನೆದುರು ಅವಳು ಹಾಗೆ ಮಾತಾಡಿರಲಿಲ್ಲ. ಓಣಿಯೇ ತಿರುಗಿ ನೋಡಿತು. ಕಾಶಪ್ಪ ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಗುರುಸಿದ್ದವ್ವನ ದನಿ ಬಂತು.

"ಕಾಶಪ್ಪಾ, ಆಕಿ ಕೈ ಸೋತಾವು. ಇನ್ನೊಂದ ತುದಿ ನೀ ಕೊಯ್ಯಿ."

ಕಾಶಪ್ಪ ಒಳಗೆ ಹೋದ. "ಅವ್ವಾ, ಅಪ್ಪ ತಂದದ್ದು..."

"ನಿಮ್ಮಪ್ಪ ತಂದದ್ದು ನಾವು ದಾಟಾಕ, ನನ್ನ ಕೂಡಿ ಹಾಕಾಕಲ್ಲ. ನೀ ನಡಾ ಮುರಕೊಂಡಿ ಅಂತ ಬ್ಯಾಡ ಅಂದ್ನಿ. ಅದನ್ನಽ ಖರೆ ಅಂತ ತಿಳ್ಕೊಂಡು ಕುಂತೀಯಲ್ಲೋ, ಹುಚ್ಚಪ್ಪಾ."

ಕಾಶಪ್ಪ ಅಂಗಿ ಬಿಚ್ಚಿಟ್ಟು ಗರಗಸ ಹಿಡಿದ. ಬಲಗಡೆಯ ತುದಿ ಕೊಯ್ದ. ಸುಭಾನಸಾಬ ಹಾರೆ ತಂದ. ಮೂವರೂ ಸೇರಿ ಮೀಟಿದಾಗ ತುಂಡು ಗಾರೆಯ ಸಮೇತ ಕಿತ್ತು ಬಂತು. ಸುನಂದಾ ನೆಲ ಗುಡಿಸಿ, ತಗ್ಗಿಗೆ ಹಲಗೆ ಮುಚ್ಚಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ತಾನೇ ತಳ್ಳಿದಳು. ಯಾರೂ ಎತ್ತಬೇಕಾಗಲಿಲ್ಲ. ಕುರ್ಚಿ ಹೊರಗೆ ಬಂದು ಬೇವಿನ ಕಟ್ಟೆಯ ಪಕ್ಕ ನಿಂತಿತು.

ಗುರುಸಿದ್ದವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಎದುರಿಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅಲ್ಲಿ ಎರಡಂತಸ್ತಿನ ಮನೆಯೊಂದು ಎದ್ದಿತ್ತು. ಮೇಲಿನ ಗೋಡೆಗೆ ಸಿಮೆಂಟಿನ ಗಿಲಾವು ನಡೆದಿತ್ತು.

"ಅಲ್ಲಿ ಬಯಲಿತ್ತಲ್ಲವಾ. ಇದ್ಯಾವಾಗ ಕಟ್ಟಿದ್ರು?"

ಮನೆಯವರಾರೂ ಅವಳಿಗೆ ಅದನ್ನು ಹೇಳಿರಲಿಲ್ಲ. ಓಣಿಗೆಲ್ಲ ಕಾಣುವುದನ್ನು ಯಾರು ಯಾರಿಗೆ ಹೇಳುತ್ತಾರೆ? ಸುನಂದಾಳಿಗೂ ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ದಿನಾ ಕಲ್ಲ ಒಡಿಯೋ ಸಪ್ಪಳ ಕೇಳ್ತಿತ್ತು" ಎಂದಳು ಮುದುಕಿ. "ರಸ್ತಾ ಮಾಡಾಕತ್ತಾರ ಅನ್ಕೊಂಡಿದ್ನಿ."

ಕಾಶಪ್ಪ ಕಟ್ಟೆಯ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.