ಬಾನೆಟ್ ಮೇಲೆ ಅಂಗೈ

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮುಲುಂಡಿನ ಒಂದು ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ, ಗುರುತಿಲ್ಲದವರ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದೆ. ಮೂರು ಜನ ನನ್ನ ಮುಖವನ್ನೇ ನೋಡುತ್ತಿದ್ದರು.

ಬಾನೆಟ್ ಬಿಸಿ ಇತ್ತು.

ಇದೇನು ಮಹಾ ಸಂಗತಿ ಎನ್ನುತ್ತೀರಾ? ಸ್ವಲ್ಪ ತಡೆಯಿರಿ.

ನನಗೆ ಕಾರು ಓಡಿಸಲು ಬರುವುದಿಲ್ಲ. ಮೂವತ್ನಾಲ್ಕು ವರ್ಷ ಸಯನ್‌ನಿಂದ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗಿಬಂದ ಗುಮಾಸ್ತ ನಾನು. (ಈ ಅಂಕಣ ಓದುವವರಿಗೆ ಇದು ಹೊಸದಲ್ಲ. ಲೋಕಲ್ ಬಗ್ಗೆ ನಿಮ್ಮ ತಲೆ ಎಷ್ಟು ಸಲ ತಿಂದಿದ್ದೇನೋ!) ಕಾರು ತಿಳಿದವನು ನನ್ನ ತಮ್ಮ ಶಿವಪ್ಪ. ವಡಾಲದಲ್ಲಿ ಅವನದೊಂದು ಗ್ಯಾರೇಜು. ಅವನು ಹೋಗಿ ಏಳು ತಿಂಗಳಾಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತನಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಈ ಬಗ್ಗೆ ಇಲ್ಲಿ ಬರೆದಿರಲಿಲ್ಲ. ಇವತ್ತೂ ಕಾರಿನ ಬಗ್ಗೆಯೇ ಬರೆಯುತ್ತೇನೆ.

ಹಳೆಯ ಕಾರು ಕೊಳ್ಳುವವರು ಒಬ್ಬಂಟಿಯಾಗಿ ಹೋಗುವುದಿಲ್ಲ. ನಂಬಿಕೆಯ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ಯುತ್ತಾರೆ. ದಾದರಿನಿಂದ ವಡಾಲದವರೆಗೆ ಅನೇಕ ಕನ್ನಡದವರು ಹಾಗೆ ಕರೆದೊಯ್ಯುತ್ತಿದ್ದುದು ಶಿವಪ್ಪನನ್ನು. ಅವನು ‘ಹೂಂ’ ಅಂದರೆ ಟೋಕನ್ ಎಂದು ಮುಂಗಡ ಕೊಡುತ್ತಿದ್ದರು. ‘ಬ್ಯಾಡ್ರಿ’ ಅಂದರೆ ಮಾರುವವರ ಮನೆಯಲ್ಲಿ ಚಹಾ ಸಹ ಮುಟ್ಟದೆ ಎದ್ದು ಬರುತ್ತಿದ್ದರು. ಈ ಕೆಲಸ ಭಾನುವಾರವೇ ಇರುತ್ತಿತ್ತು. ಭಾನುವಾರ ನನಗೂ ರಜೆ. ‘ಅಣ್ಣಾ, ಬಾ ನೀನೂ’ ಎಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ.

ನನ್ನ ಕೆಲಸ ಏನು? ಚಹಾ ಕುಡಿಯುವುದು!

ನಿಜವಾಗಿ ಹೇಳುತ್ತೇನೆ. ಅವನು ಕಾರಿನ ಕೆಳಗೆ ನುಸುಳಿದಾಗ ಓನರ್ ತಲೆಯ ಮೇಲೆ ನಿಂತು ಕೊರೆಯಬಾರದು. ಹಾಗಾಗಿ ನಾನು ಓನರ್ ಮನೆಯಲ್ಲಿ ಕುಳಿತು, ಚಹಾ ಕುಡಿಯುತ್ತ, ಅವರನ್ನು ಮಾತಿಗೆ ಹಚ್ಚಬೇಕು. ಮಕ್ಕಳು, ಬಿಲ್ಡಿಂಗಿನ ಮೀಟಿಂಗು, ನೀರಿನ ಟ್ಯಾಂಕರು, ಏನಾದರೂ ಸರಿ. ವಾಪಸು ಬರುವಾಗ ರಿಕ್ಷಾದಲ್ಲಿ ಕುಳಿತ ಕೂಡಲೇ ಶಿವಪ್ಪ ಕೇಳುತ್ತಿದ್ದ: ‘ಚಹಾದಾಗ ಏನ್ ಬಂತು?’ ನಾನು ಕೇಳಿದ್ದನ್ನೆಲ್ಲ ಹೇಳುತ್ತಿದ್ದೆ. ಒಮ್ಮೆ ಚೆಂಬೂರಿನಲ್ಲಿ ಒಬ್ಬ ಹೆಣ್ಣುಮಗಳು ಬಿಸ್ಕಿಟ್ ಕೊಡುತ್ತ, ‘ಆ ಮಳೆಗಾಲ ಪಾರ್ಕಿಂಗಿನಲ್ಲಿ ಸೊಂಟದ ತನಕ ನೀರು, ಆಮೇಲೆ ನಾನು ಆ ಕಾರಿನಲ್ಲಿ ಕೂತೇ ಇಲ್ಲ’ ಎಂದಿದ್ದರು. ಅದನ್ನು ಹೇಳಿದಾಗ ತಮ್ಮ ರಿಕ್ಷಾದಲ್ಲೇ ಬಿದ್ದುಬಿದ್ದು ನಕ್ಕಿದ್ದ. ಆ ಕಾರನ್ನು ಬೇಡವೆಂದ. ಅದೊಂದು ಆಕಸ್ಮಿಕ ಎಂದುಕೊಂಡಿದ್ದೆ. ಉಳಿದಂತೆ, ಸುಮ್ಮನೆ ಬಂದ ಅಣ್ಣನಿಗೆ ಬೇಜಾರಾಗಬಾರದೆಂದು ಕೇಳುತ್ತಾನೆ ಅಂತಲೇ ನನ್ನ ಎಣಿಕೆ.

ಅವನದು ಒಂದೇ ಕಟ್ಟುನಿಟ್ಟಿನ ನಿಯಮ. ಕಾರಿನ ಹತ್ತಿರ ಹೋದ ಕೂಡಲೇ, ನಮಸ್ಕಾರಕ್ಕೂ ಮೊದಲು, ಬಾನೆಟ್ ಮೇಲೆ ಅಂಗೈ ಇಡುವುದು. ತಣ್ಣಗಿದ್ದರೆ ಮುಂದಿನ ಮಾತು. ಬಿಸಿ ಇದ್ದರೆ ಓನರ್ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದರ್ಥ. ಯಾಕೆ ಇಟ್ಟ? ತಣ್ಣಗಿದ್ದಾಗ ಅದು ಕೆಮ್ಮುತ್ತದೆ, ಹೊಗೆ ಕಾರುತ್ತದೆ, ಟಕಟಕ ಅನ್ನುತ್ತದೆ. ಬಿಸಿಯಾದ ಮೇಲೆ ಎಲ್ಲ ಮುಚ್ಚಿಹೋಗುತ್ತದೆ. ‘ಗರಂ ಎಂಜಿನ್ ಕೇಳಿ ಹೂಂ ಅನ್ನಾಂವ ಮೆಕ್ಯಾನಿಕ್ ಅಲ್ಲ’ ಎನ್ನುತ್ತಿದ್ದ.

ಈಗ ಮುಲುಂಡಿಗೆ ಬರೋಣ.

ದಾದರಿನಲ್ಲಿ ಹೋಟೆಲ್ ನಡೆಸುವ ಉದಯ ಶೆಟ್ಟರು ತಮ್ಮನ ಹಳೆಯ ಗಿರಾಕಿ. ಹೋದ ವಾರ ಫೋನ್ ಮಾಡಿದರು. ಅವರಿಗೊಂದು ಮಸಲ್ ಕಾರು ಬೇಕಂತೆ. ಉದ್ದನೆಯ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್ನು, ಅಮೆರಿಕದ ಮಾಲು. (ಕಂಪನಿಯ ಹೆಸರು ಬರೆಯುವುದಿಲ್ಲ. ಅವರು ನನಗೇನೂ ಕೊಟ್ಟಿಲ್ಲ.) ಹೊಸದು ಈಗ ಇಲ್ಲಿ ಸಿಗುತ್ತಿಲ್ಲ, ಹಳೆಯದೇ ಗತಿ. ದಾದರಿನಿಂದ ಸಯನ್‌ಗೆ ಬರಲು ಮುಕ್ಕಾಲು ತಾಸು ಹಿಡಿಯುವ ಈ ಊರಿನಲ್ಲಿ ಅಂಥ ಕಾರು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ.

‘ಎಂತ ಮಾಡುದು ಅಂದ್ರೆ? ಸಿಗ್ನಲ್ಲಲ್ಲಿ ನಿಲ್ಲುದು ಮಾರ್ರೆ! ನಿಂತಲ್ಲೇ ಆ ಸೌಂಡ್ ಕೇಳುದು. ಹೋಟೆಲಲ್ಲಿ ಕಪ್ಪು ತೊಳೀತಾ ಇದ್ದಾಗಿಂದ ಉಂಟು ಈ ಆಸೆ. ನೀವು ಬರ್ಬೇಕು ಅಣ್ಣ. ಶಿವಣ್ಣ ಇಲ್ಲ, ಆದ್ರೆ ಶಿವಣ್ಣನ ಕಡೆಯವರು ನೋಡ್ದೆ ನಾನು ತೆಕ್ಕೊಳ್ಳುದಿಲ್ಲ.’

ಗ್ಯಾರೇಜನ್ನು ಈಗ ನಡೆಸುತ್ತಿರುವವನು ಸಲೀಂ. ವಿಜಯಪುರದ ಕಡೆಯವನು, ಇಪ್ಪತ್ತು ವರ್ಷ ಶಿವಪ್ಪನ ಜೊತೆ ದುಡಿದವನು. ಕೈ ಚುರುಕು, ಬಾಯಿ ಕಡಿಮೆ. ತಮ್ಮ ಹೋದ ಮೇಲೆ ಗಾಡಿ ನೋಡಿಕೊಡಿ ಎಂದು ಯಾರೂ ಅವನನ್ನು ಕರೆದಿರಲಿಲ್ಲ. ಇದೇ ಮೊದಲು. ಶೆಟ್ಟರಿಗೆ ಹೋಟೆಲಿನ ದೋಸ್ತಿಗಳು ಹತ್ತಾರು ಜನ. ಈ ಕಾರು ಸರಿಯಾಗಿದ್ದರೆ ಅವರೆಲ್ಲ ವಡಾಲಕ್ಕೆ ಬರುತ್ತಾರೆ. ಕೈಕೊಟ್ಟರೆ ‘ಶಿವಣ್ಣ ಹೋದ, ಗ್ಯಾರೇಜೂ ಹೋಯ್ತು’ ಅನ್ನುತ್ತಾರೆ. ಸಲೀಂನ ಹೊಟ್ಟೆಪಾಡು ಅದರ ಮೇಲೆಯೇ ಇದೆ.

ಬೇಸ್‌ಮೆಂಟಿನಲ್ಲಿ ಆ ಕಾರು ಎರಡು ಕಂಬಗಳ ನಡುವೆ ಕೆಂಪಗೆ ಮಲಗಿತ್ತು. ಓನರ್ ಸಾಠೆ ನಲವತ್ತರ ಆಸುಪಾಸಿನವರು, ಮೆತ್ತಗಿನ ಮಾತು. ಸಲೀಂ ಕಾರಿನ ಹತ್ತಿರ ಹೋಗಿ ಕೈ ಎತ್ತಿದವನು ಹಾಗೇ ಹಿಂದೆ ಸರಿದ.

‘ನೀವ ಮುಟ್ರಿ, ಬಡೇಭಾಯ್.’

‘ನನಗೇನು ತಿಳೀತದಪ್ಪ?’

‘ಬಿಸಿ ತಣ್ಣಗ ತಿಳೀತದಿಲ್ರಿ? ಮುಟ್ರಿ.’

ಮುಟ್ಟಿದೆ. ಬಿಸಿ.

‘ಇವತ್ತು ಸ್ಟಾರ್ಟ್ ಮಾಡಿದ್ರಾ?’ ಎಂದು ಹಿಂದಿಯಲ್ಲಿ ಕೇಳಿದೆ.

‘ನಹೀಂ ಅಂಕಲ್. ದೋ ದಿನ್ ಸೇ ಖಡೀ ಹೈ’ ಎಂದರು ಸಾಠೆ. ಎರಡು ದಿನದಿಂದ ನಿಂತಲ್ಲೇ ನಿಂತಿದೆಯಂತೆ.

ಸಲೀಂ ನೆಲ ನೋಡಿದ. ‘ಬಿಸಿ ಅದ, ಮ್ಯಾಲೆ ಸುಳ್ಳು’ ಎಂದು ಕನ್ನಡದಲ್ಲಿ ಗೊಣಗಿದ. ‘ನಡೀರಿ ಹೋಗೂಣು.’

ಶೆಟ್ಟರ ಮುಖ ಇಳಿದುಹೋಯಿತು. ಕಾರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ತಮ್ಮ ಇದ್ದಿದ್ದರೆ ಅಲ್ಲಿಂದಲೇ ತಿರುಗುತ್ತಿದ್ದ. ಆದರೆ ಸಾಠೆ, ‘ಪೇಪರ್ಸ್ ಮೇಲಿವೆ, ಆಯೀ ಚಹಾ ಇಟ್ಟಿದ್ದಾಳೆ’ ಎಂದುಬಿಟ್ಟರು. ಆಯೀ ಅಂದರೆ ಅವರ ತಾಯಿ. ಮುದುಕಿಯೊಬ್ಬರು ಕುದಿಸಿಟ್ಟ ಚಹಾ ಬಿಟ್ಟು ಹೇಗೆ ಹೋಗುವುದು? ನನಗೆ ಬರುವ ಕೆಲಸ ಅದೊಂದೇ ಬೇರೆ. ಸಲೀಂನನ್ನು ಕೆಳಗೆ ಬಿಟ್ಟು ನಾವು ಮೇಲೆ ಹೋದೆವು.

ಸಾಠೆ ಮತ್ತು ಶೆಟ್ಟರು ಒಳಗಿನ ಕೋಣೆಯಲ್ಲಿ ಕಾಗದ ಹರಡಿಕೊಂಡು ಕುಳಿತರು. ನಾನು ಹಾಲಿನಲ್ಲಿ, ಆಯೀ ಎದುರಿಗೆ. ಪಕ್ಕದಲ್ಲಿ ಅವರ ವಾಕರ್. ಶುಂಠಿ ಹಾಕಿದ ಚಹಾ. ಕಾರು ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದೆ. ಅವರು ಮರಾಠಿಯಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

‘ಎಲ್ಲ ನನ್ನ ಮೊಣಕಾಲಿನಿಂದ. ಅದರ ಸೀಟು ನೆಲಕ್ಕೇ ಹತ್ತಿಕೊಂಡಿದೆ. ಕೂತರೆ ಏಳುವುದಕ್ಕೆ ಆಗುವುದಿಲ್ಲ. ವಾರಕ್ಕೆ ಎರಡು ಸಲ ನನ್ನನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಬೇಕಲ್ಲ? ಎತ್ತರದ ಗಾಡಿ ತಗೋತಾನಂತೆ. ಹುಡುಗನಿಗೆ ಆ ಕಾರಿನ ಮೇಲೆ ಎಷ್ಟು ಜೀವ ಗೊತ್ತೇ?’

ಆಮೇಲೆ ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

‘ಅವನಿಗೆ ಹೇಳಬೇಡಿ. ಇವತ್ತು ಬೆಳಿಗ್ಗೆ ನಾನೇ ಹಟ ಮಾಡಿದೆ. ನನ್ನಿಂದ ಹೋಗುತ್ತಿದೆಯಲ್ಲ, ಕೊನೆಯದೊಂದು ರೌಂಡ್ ನನ್ನನ್ನೂ ಕರಕೊಂಡು ಹೋಗು ಅಂದೆ. ಥಾಣೆ ತನಕ ಹೋಗಿ ಒಂಬತ್ತಕ್ಕೆ ಬಂದೆವು. ಆದರೆ ಇಳಿಯುವುದು ಹೇಗೆ? ಇಬ್ಬರು ವಾಚ್‌ಮನ್ ಬಂದು, ಟ್ರಕ್ಕಿನಿಂದ ಗಣಪತಿ ಇಳಿಸಿದ ಹಾಗೆ ಇಳಿಸಿದರು ನನ್ನನ್ನು!’

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಏಳು ತಿಂಗಳಲ್ಲಿ ಹಾಗೆ ನಕ್ಕಿರಲಿಲ್ಲವೇನೋ.

ಕೆಳಗೆ ಬಂದಾಗ ಸಲೀಂ ಕಂಬಕ್ಕೆ ಒರಗಿ ನಿಂತಿದ್ದ. ಕೈ ಒರೆಸಿಕೊಳ್ಳುತ್ತ ಕೇಳಿದ:

‘ಚಾಯ್‌ದಾಗ ಏನ್ ಬಂತ್ರಿ?’

‘ಈ ಪ್ರಶ್ನೆ ನಿನಗ ಯಾರು ಹೇಳಿಕೊಟ್ರು?’ ಎಂದೆ.

‘ಯಾರ್ ಹೇಳಿಕೊಡ್ತಾರ್ರಿ? ಉಸ್ತಾದ್ ಇದನ್ನ ಕೇಳದ ಯಾವ ಗಾಡೀಗೂ ಹಾಂ ಅಂದಾಂವ ಅಲ್ಲ. ಗಾಡಿ ನಾ ನೋಡ್ತೀನಿ, ಮನಿ ಅಣ್ಣ ನೋಡ್ತಾನ ಅಂತಿದ್ರು. ನಿಮಗ ಗೊತ್ತಿಲ್ಲೇನು?’

ಗೊತ್ತಿರಲಿಲ್ಲ. ಇಷ್ಟು ವರ್ಷ ಬಿಸ್ಕಿಟ್ಟು ತಿನ್ನಲು ಹೋಗುತ್ತಿದ್ದೇನೆ ಎಂದೇ ತಿಳಿದಿದ್ದೆ.

ಆಯೀ ಹೇಳಿದ್ದನ್ನು ಸಲೀಂಗೆ ಹೇಳಿದೆ. ಅವನು ಮೊದಲ ಬಾರಿಗೆ ಹಲ್ಲು ಬಿಟ್ಟ. ‘ಹಂಗಾದ್ರ ಅಂವಾ ಗಾಡಿ ಮುಚ್ಚಾಕತ್ತಿಲ್ಲ, ಅವ್ವನ ಫಜೀತಿ ಮುಚ್ಚಾಕತ್ತಾನ. ಹಾಂ ಅಂದ್ಬಿಡೂಣೇನ್ರಿ?’

ಅನ್ನಬಹುದಿತ್ತು. ಶೆಟ್ಟರೂ ಅಷ್ಟರಲ್ಲಿ ಸಾಠೆಯ ಜೊತೆ ಇಳಿದು ಬಂದು, ‘ಸಂಜೆ ನಾಲ್ಕಕ್ಕೆ ಥಾಣೆಯಿಂದ ಬೇರೆ ಪಾರ್ಟಿ ಬರ್ತದಂತೆ ಅಣ್ಣ. ಎಂತದೊಂದು ಹೇಳಿ ಈಗ’ ಎಂದು ಅವಸರ ಮಾಡಿದರು. ಆಯೀ ಸುಳ್ಳು ಹೇಳಿಲ್ಲ, ಅದು ನನಗೆ ಖಾತ್ರಿ. ಆದರೆ ಅವರಿಗೆ ಎಂಜಿನ್ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿದ್ದ ಸಲೀಂ ಅದನ್ನು ತಣ್ಣಗಿದ್ದಾಗ ಕೇಳಿಲ್ಲ.

‘ಸಾಠೆಸಾಹೇಬ್, ಬಾನೆಟ್ ಗರಂ ಹೈ’ ಎಂದೆ.

ಅವರ ಕಿವಿ ಕೆಂಪಾಯಿತು. ‘ಅಂಕಲ್... ಆಯೀ ಏನಾದರೂ ಹೇಳಿದಳಾ?’

‘ಚಹಾ ಚೆನ್ನಾಗಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಬರುತ್ತೇವೆ. ಅಲ್ಲಿಯವರೆಗೆ ಯಾರೂ ಸ್ಟಾರ್ಟ್ ಮಾಡಬಾರದು. ಥಾಣೆಯವರು ತಗೊಂಡರೆ ನಮ್ಮದೇನೂ ತಕರಾರಿಲ್ಲ.’

ಶೆಟ್ಟರು ನನ್ನನ್ನು ನುಂಗುವ ಹಾಗೆ ನೋಡಿದರು. ಸಾಠೆ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು. ಆಮೇಲೆ, ಥಾಣೆಯವರಿಗೆ ನಾಳೆ ಸಂಜೆ ಬರಲು ಹೇಳುತ್ತೇನೆ ಎಂದರು.

ಆ ರಾತ್ರಿ ಮೂರು ಸಲ ಎದ್ದು ನೀರು ಕುಡಿದೆ. ಸಾಠೆ ಮಾತು ಕೊಟ್ಟರೆಂದು ನಾನು ನಂಬಿದ್ದೆ. ನಂಬಿದ್ದು ತಪ್ಪಾದರೆ ಶೆಟ್ಟರ ಕಾರು ಹೋಯಿತು, ಸಲೀಂನ ಗಿರಾಕಿಯೂ ಹೋದ. ತಮ್ಮ ಪ್ರತಿ ಭಾನುವಾರ ಇಷ್ಟು ಭಾರ ಹೊತ್ತುಕೊಂಡು ರಿಕ್ಷಾದಲ್ಲಿ ನಗುತ್ತಿದ್ದನೇ?

ಸೋಮವಾರ ಬೆಳಿಗ್ಗೆ ಏಳು. ಕೆಂಪು ಕಾರು ಅಲ್ಲೇ ಇತ್ತು. ಈ ಸಲ ಯಾರೂ ಹೇಳುವ ಮೊದಲೇ ಅಂಗೈ ಇಟ್ಟೆ. ಬೇಸ್‌ಮೆಂಟಿನ ಗೋಡೆಯಷ್ಟೇ ತಣ್ಣಗಿತ್ತು. ಸಾಠೆ ಬಟನ್ ಒತ್ತಿದರು.

ಆ ಸದ್ದು ಹೇಗೆ ಬರೆಯಲಿ? ಪಕ್ಕದ ಎರಡು ಕಾರುಗಳ ಅಲಾರಂ ಹೊಡೆದುಕೊಳ್ಳತೊಡಗಿದವು. ವಾಚ್‌ಮನ್ ಕಿವಿ ಮುಚ್ಚಿಕೊಂಡ. ಸಲೀಂ ಸೈಲೆನ್ಸರ್ ಹತ್ತಿರ ಮೊಣಕಾಲೂರಿ ಒಂದು ಬಿಳಿ ಬಟ್ಟೆ ಹಿಡಿದ, ಮೂಸಿ ನೋಡಿದ, ಮುಂದೆ ಬಂದು ಬಾನೆಟ್ ಎತ್ತಿ ತಲೆ ಒಳಗೆ ತೂರಿಸಿ ಕಣ್ಣು ಮುಚ್ಚಿ ನಿಂತ. ಐದು ನಿಮಿಷ. ಶೆಟ್ಟರು ಉಗುರು ಕಚ್ಚುತ್ತಿದ್ದರು.

‘ಸಾಫ್ ಅದ’ ಎಂದ ಸಲೀಂ. ನಂತರ ನನ್ನ ಕಡೆ ತಿರುಗಿದ. ‘ನೀವ್ ಹೇಳ್ರಿ.’

‘ಹೂಂ’ ಎಂದೆ.

ಇಷ್ಟೇ. ಹೀಗೆ ಶೆಟ್ಟರು ಕಾರು ಕೊಂಡರು. ಮರುದಿನವೇ ಅವರ ದೋಸ್ತಿಯೊಬ್ಬರು ಹಳೆಯ ಜೀಪು ನೋಡಿಕೊಡಿ ಎಂದು ಸಲೀಂಗೆ ಫೋನ್ ಮಾಡಿದ್ದಾರೆ. ಬರುವ ಭಾನುವಾರ ನಾನೂ ಹೋಗುತ್ತಿದ್ದೇನೆ, ಚಹಾ ಕುಡಿಯಲು.

ಆದರೆ ಒಂದು ಮಾತು ಉಳಿದಿದೆ.

ಟೋಕನ್ ಕೊಟ್ಟಾದ ಮೇಲೆ ಶೆಟ್ಟರು ಸ್ಟೀರಿಂಗ್ ಹಿಡಿದು ಕುಳಿತು, ‘ಬನ್ನಿ ಅಣ್ಣ, ಒಂದು ರೌಂಡ್’ ಎಂದರು. ಸಲೀಂ ಹಿಂದಿನ ಚಿಕ್ಕ ಸೀಟಿನಲ್ಲಿ ಮಡಚಿಕೊಂಡು ಕುಳಿತ. ನಾನು ಮುಂದೆ. ಹೈವೇಯಲ್ಲಿ ಶೆಟ್ಟರು ಕಾಲು ಒತ್ತಿದಾಗ ಸೀಟು ಬೆನ್ನಿಗೆ ಬಂದು ಗುದ್ದಿತು. ಎಂಜಿನ್ನಿನ ನಡುಕ ಸೊಂಟದಿಂದ ಹಲ್ಲಿನವರೆಗೆ ಏರಿತು. ವಾಪಸು ಬಂದಾಗ ನನಗೂ ಏಳಲಾಗಲಿಲ್ಲ. ಅದೇ ವಾಚ್‌ಮನ್ ಬಂದು ಕೈ ಕೊಟ್ಟು ಎಳೆದ.

ತಮ್ಮ ಹೋಗುವ ಎರಡು ವಾರ ಮೊದಲು, ಒಂದು ಭಾನುವಾರ ಬೆಳಿಗ್ಗೆ, ಇಂಥದೇ ಸದ್ದು ನಮ್ಮ ಬಿಲ್ಡಿಂಗಿನ ಕೆಳಗೆ ಕೇಳಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ಯಾರದೋ ಗಿರಾಕಿಯ ಕಾರು, ಅದಕ್ಕೆ ಒರಗಿಕೊಂಡು ಶಿವಪ್ಪ. ‘ಅಣ್ಣಾ, ಲಗೂನ ಕೆಳಗ ಬಾ! ಒಂದ್ ರೌಂಡ್ ಹೋಗಿ ಬರೂಣು. ಇಂಥಾದ್ರಾಗ ನೀ ಎಂದೂ ಕುಂತಿಲ್ಲ’ ಎಂದು ಕೂಗಿದ. ಮಧ್ಯಾಹ್ನದೊಳಗೆ ಆ ವಾರದ ಅಂಕಣ ಬರೆದು ಕಳಿಸಬೇಕಿತ್ತು. ಮುಂದಿನ ವಾರ ನೋಡೋಣ ಎಂದು ಕೈಸನ್ನೆ ಮಾಡಿ ಕಿಟಕಿ ಹಾಕಿಕೊಂಡೆ. ಸದ್ದಿಗೆ ಬರೆಯಲು ಆಗುತ್ತಿರಲಿಲ್ಲ.

ಅಂದು ಅಷ್ಟು ಅವಸರದಲ್ಲಿ ಬರೆದ ಅಂಕಣ ಯಾವುದರ ಬಗ್ಗೆ ಇತ್ತು, ನಿಮಗೆ ಯಾರಿಗಾದರೂ ನೆನಪಿದೆಯೇ?