ಬಾರದೇ ಇರಬಹುದು

ಶೋಭಾ, ನಿನ್ನ ಪತ್ರವನ್ನು ನಾನು ಬೇಕೆಂದೇ ತಪ್ಪಾಗಿ ಅನುವಾದಿಸಿದ್ದೆ. ಇಷ್ಟು ವರ್ಷ ಅದನ್ನು ನಿನಗೆ ಹೇಳದೆ ಇಟ್ಟುಕೊಂಡೆ.

ನಾವು ಓದಿದ ಊರಿಗೇ ನಿನ್ನ ಮಗಳೂ ಡಾಕ್ಟರ್ ಓದಲು ಹೊರಟಿದ್ದಾಳಲ್ಲ, ಕಳೆದ ಭಾನುವಾರ ನಮ್ಮ ಹೊನ್ನಾಳಿಯ ಮನೆಗೆ ರಷ್ಯನ್ ಪಾಠಕ್ಕೆ ಬಂದವಳು ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳು: "ಆಂಟಿ, ಇಂಗ್ಲಿಷಲ್ಲಿ 'ಮೇ ನಾಟ್ ಕಮ್' ಅಂತ ಐತಲ್ಲ, ಇದನ್ನ ರಷ್ಯನ್ನಲ್ಲಿ ಹೆಂಗೆ ಹೇಳಾದು?" ನಾನು ಮಂಡಕ್ಕಿ ಕಲಸುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ. ಪಾಠ ಹೇಳುವವಳು ಹಾಗೆ ಓಡಿಹೋಗಬಾರದು ನೋಡು.

ಮೊದಲ ವರ್ಷ ಮುಗಿಸಿ ನಾವಿಬ್ಬರೂ ರಷ್ಯಾದಿಂದ ರಜೆಗೆ ಬಂದಿದ್ದೆವು. ಜಗಳೂರಿನಲ್ಲಿ ನಿಮ್ಮಪ್ಪ ಬಿದ್ದು ಸೊಂಟ ಮುರಿದುಕೊಂಡರು, ನೀನು ಉಳಿದೆ, ನಾನೊಬ್ಬಳೇ ಹೊರಟೆ. ನಾವು ಬಾಡಿಗೆಗಿದ್ದ ಮನೆಯ ವೇರಾ ಅಜ್ಜಿಗೆ ನೀನು ಇಂಗ್ಲಿಷಿನಲ್ಲಿ ಪತ್ರ ಬರೆದು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗಿಟ್ಟೆ. ನಿನ್ನ ರಷ್ಯನ್ ಆಗ ಹಾಲು, ಬ್ರೆಡ್ಡು ಕೊಳ್ಳುವಷ್ಟೇ. ಅಜ್ಜಿಗೆ ಇಂಗ್ಲಿಷಿನ ಗಂಧವಿಲ್ಲ. "ಈ ಸಲ ಬರದೇ ಇರಬೌದು ಅಂತ ಬರದೀನಿ. ಬರಲ್ಲ ಅಂತಲ್ಲ ಕಣೇ. ನೀನೇ ರಷ್ಯನ್ನಲ್ಲಿ ಬರದು ಕೊಡು. ನನ್ನ ರೂಮು ಹಂಗೇ ಇಟ್ಟಿರಾಕೆ ಹೇಳು," ಎಂದೆ ನೀನು.

ಆ ರೂಮು! ಅಡುಗೆಮನೆಯ ಪಕ್ಕದ ಬೆಚ್ಚಗಿನ ರೂಮು ನಿನ್ನದು, ಗಾಳಿ ನುಗ್ಗುವ ಮೂಲೆಯದು ನನ್ನದು. ಆದರೆ ರೂಮಿಗಿಂತ — ಹೇಳಿಯೇಬಿಡುತ್ತೇನೆ — ಅಜ್ಜಿಗೆ ನಿನ್ನನ್ನು ಕಂಡರೆ ಪ್ರಾಣ, ನಾನು ಬರೀ ಬಾಡಿಗೆಯವಳು. ನನಗೆ ಹೊಟ್ಟೆಕಿಚ್ಚು.

ನಿನ್ನ ಪತ್ರದಲ್ಲಿದ್ದ ಇಂಗ್ಲಿಷಿನ ಆ 'ಮೇ ನಾಟ್' ಎರಡು ನಾಲಿಗೆಯದು. ಬಾರದೇ ಇರಬಹುದು ಎಂದೂ ಆಗುತ್ತದೆ, ಬರಕೂಡದು ಎಂದೂ ಆಗುತ್ತದೆ. ರಷ್ಯನ್ನಿನಲ್ಲಿ ನಮ್ಮ ಕನ್ನಡದ ಹಾಗೇ ಎರಡಕ್ಕೂ ಬೇರೆ ಬೇರೆ ಮಾತು — ಮೊದಲನೆಯದಕ್ಕೆ 'ಮೋಝೆತ್ ಬಿತ್', ಎರಡನೆಯದಕ್ಕೆ 'ನೆಲ್‌ಜ್ಯಾ'. ಒಂದನ್ನು ಆರಿಸಲೇಬೇಕು. ನಾನು 'ನೆಲ್‌ಜ್ಯಾ' ಎಂದು ಬರೆದೆ. ರೂಮಿನ ಸಾಲನ್ನು ಬಿಟ್ಟೇಬಿಟ್ಟೆ.

ಅಜ್ಜಿ ಓದಿ ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ನಿಮ್ಮಪ್ಪ ನಿನ್ನ ಓದು ಬಿಡಿಸಿದರೆಂದೇ ತಿಳಿದಳು, ನಾನು ತಿದ್ದಲಿಲ್ಲ. ವಾರದೊಳಗೆ ನಿನ್ನ ರೂಮಿಗೆ ನನ್ನ ಹಾಸಿಗೆ ಹೋಯಿತು, ನನ್ನದಕ್ಕೆ ಬೇರೊಬ್ಬಳು ಬಂದಳು. ತಿಂಗಳ ಮೇಲೆ ನೀನು ಬಂದಾಗ ಸ್ಟೇಷನ್ನಿನಿಂದ ನೇರ ಹಾಸ್ಟೆಲಿಗೆ ಕರೆದೊಯ್ದು, ಅಜ್ಜಿ ನಿನಗಾಗಿ ಕಾಯದೆ ರೂಮು ಕೊಟ್ಟುಬಿಟ್ಟಳು ಎಂದೆ.

"ಅಜ್ಜಿಗೆ ನಾನು ಬ್ಯಾಡಾಗಿಬಿಟ್ನಾ?" ಎಂದೆ ನೀನು. ಆಮೇಲೆ ಆ ಬೀದಿಗೂ ಕಾಲಿಡಲಿಲ್ಲ. ನೀನು ಬಂದಿರುವುದನ್ನೇ ನಾನು ಅಜ್ಜಿಗೆ ತಿಳಿಸಲಿಲ್ಲ. ಓದು ಮುಗಿಸಿ ಹೊರಟಾಗ ಅವಳು ಜಗಳೂರಿನ ಹುಡುಗಿಗೆ ಕೊಡು ಎಂದು ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟಳು. ಅದೂ ನನ್ನ ಬೀರುವಿನಲ್ಲೇ ಇದೆ.

ಈಗ ನಾವಿಬ್ಬರೂ ಸುಖವಾಗಿದ್ದೇವೆ. ನ್ಯಾಮತಿಯ ನಿನ್ನ ಕ್ಲಿನಿಕ್ಕಿನ ಮುಂದೆ ಉದ್ದನೆಯ ಸಾಲು, ನನ್ನದರ ಮುಂದೆ ಅರ್ಧ. ಅದಕ್ಕೂ ಹೊಟ್ಟೆಕಿಚ್ಚಿಲ್ಲ, ನಿನ್ನಾಣೆ. ಭಾನುವಾರ ನೀನು ತರುವ ಮಿರ್ಚಿ, ನಾನು ಕಲಸುವ ಮಂಡಕ್ಕಿ, ನಿನ್ನ ಕೀಟಲೆ — ಇನ್ನೇನೂ ಬೇಡ ಅನ್ನಿಸುತ್ತದೆ. ಅನ್ನಿಸಿದಾಗಲೆಲ್ಲ ಆ ಕಾಲುಚೀಲ... ಆಗ ನನಗೆ ಹತ್ತೊಂಬತ್ತೇ ವರ್ಷ ಎನ್ನಬಹುದು. ಎನ್ನುವುದಿಲ್ಲ.

ಅಜ್ಜಿ ಈಗಿಲ್ಲ. ನೀನು ಅವಳಿಗೆ ಎಂದೂ ಬೇಡವಾಗಿರಲಿಲ್ಲ, ಶೋಭಾ. ಬರುವ ಭಾನುವಾರ ನಿನ್ನ ಮಗಳಿಗೆ ಆ ಪಾಠ ಮಾಡುತ್ತೇನೆ, ನಿನಗೆ ಕಾಲುಚೀಲದ ಜೊತೆ ಈ ಕಾಗದ ಕೊಡುತ್ತೇನೆ. ನೀನು ನನ್ನನ್ನು ಕ್ಷಮಿಸದೇ ಇರಬಹುದು. ಈ ಸಲ ಸರಿಯಾಗಿ ಬರೆದಿದ್ದೇನೆ.