ನನಗೆ ಹಾಕಿದ ಟೋಪಿ

ಮೊದಲೇ ಹೇಳಿಬಿಡುತ್ತೇನೆ, ಇದು ನನ್ನ ಮರ್ಯಾದೆ ಹೆಚ್ಚಿಸುವ ಕಥೆಯಲ್ಲ. ನಾನು ದಿಲೀಪ, ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ಕೆಂಪಣ್ಣನವರ ಮಗ. ಹಾಸನದಲ್ಲಿ ಐಟಿಐ ಮಾಡಿ, ವೆಲ್ಡಿಂಗ್ ಕಲಿತು, ಸೈಕಲ್ ಫ್ರೇಮ್ ಮಾಡುವ ಕೆಲಸ ಸಿಕ್ಕಿ ಸ್ಪೇನ್ ದೇಶದ ಬಾಸ್ಕ್ ಸೀಮೆಗೆ ಹೋಗಿ ಒಂಬತ್ತು ವರ್ಷವಾಯಿತು. ಇರುವ ಊರು ತೊಲೋಸಾ. ಸುತ್ತಲೂ ಬೆಟ್ಟ. ಭಾನುವಾರ ಬಂದರೆ ಅಲ್ಲಿನವರು ಮನೆಯಲ್ಲಿ ಕೂರುವುದಿಲ್ಲ. ಮುದುಕರು, ಮಕ್ಕಳು, ಎಲ್ಲರೂ ಬೂಟು ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ನನಗೂ ಆ ಹುಚ್ಚು ಹಿಡಿಯಿತು. ಚಿಂದೋಕಿ ಎಂಬ ಬೆಟ್ಟವನ್ನು ಮಳೆಯಲ್ಲಿ, ಹಿಮದಲ್ಲಿ, ಒಮ್ಮೆ ಜ್ವರದಲ್ಲೂ ಹತ್ತಿದ್ದೇನೆ. ಊರಲ್ಲಿದ್ದಾಗ ಹೊಲಕ್ಕೆ ನಡೆದು ಹೋಗು ಎಂದರೆ ಬೈಕಿನ ಕೀ ಹುಡುಕುತ್ತಿದ್ದ ಗಿರಾಕಿ ನಾನು!

ಬೆಟ್ಟ ಹತ್ತುವವರ ಸಂಘದಲ್ಲಿ ಜೊಸೆಬಾ ಪರಿಚಯವಾದರು. ಅರವತ್ತರ ಹತ್ತಿರದ ಮನುಷ್ಯ. ಪ್ರಾಯದಲ್ಲಿ ಕಲ್ಲು ಎತ್ತುವ ಪಂದ್ಯಗಳಲ್ಲಿ ಹೆಸರು ಮಾಡಿದವರು. ಆ ಸೀಮೆಯಲ್ಲಿ ಕಲ್ಲು ಎತ್ತುವುದು ದೊಡ್ಡ ಆಟ. ಗೆದ್ದವನ ತಲೆಗೆ ಅಗಲವಾದ ಕಪ್ಪು ಉಣ್ಣೆ ಟೋಪಿ ಹಾಕುತ್ತಾರೆ. ಅವರ ಭಾಷೆಯಲ್ಲಿ ಗೆದ್ದವನಿಗೆ ಇರುವ ಪದದ ಅರ್ಥವೇ ‘ಟೋಪಿಯವನು’.

ಒಂದು ಸಂಜೆ ಸಂಘದ ಊಟ. ಕಪ್ಪು ಹುರುಳಿಕಾಯಿ ಬೀಜದ ಸಾರು, ಪಕ್ಕದಲ್ಲಿ ವೈನು. ನನ್ನ ನಾಲಿಗೆ ಸಡಿಲವಾಯಿತು. ‘ನಮ್ಮೂರಲ್ಲೂ ಗುಂಡು ಎತ್ತುತ್ತಾರೆ, ನಾನೂ ಎತ್ತಿದ್ದೇನೆ’ ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಜೊಸೆಬಾ ಕೇಳಿದರು, ‘ಯಾವ ಹೆಗಲಿಗೆ?’ ನನ್ನ ಕೈ ತಾನಾಗಿಯೇ ಬಲಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಪಾಪ, ಅವರು ನಾನು ಹೆಗಲು ತೋರಿಸುತ್ತಿದ್ದೇನೆ ಅಂದುಕೊಂಡರು.

ಮುಂದಿನ ತಿಂಗಳು ಸಂಘದವರು ‘ಮಲ್ಲಿಪಟ್ಟಣ’ ಎಂದು ದಾರದಲ್ಲಿ ಹೊಲಿಸಿದ ಟೋಪಿಯನ್ನು ನನ್ನ ತಲೆಗೆ ಹಾಕಿದರು. ಖುಷಿಯಲ್ಲಿ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪ, ಇಲ್ಲಿ ಎಲ್ಲಾ ಸೇರಿ ನಂಗೆ ಟೋಪಿ ಹಾಕಿದ್ರು!”

“ಅಯ್ಯೋ ಸಿವನೇ! ಯಾರ್ಲಾ ಟೋಪಿ ಆಕ್ದೋರು? ಅಲ್ಲಿ ಪೊಲೀಸ್ನೋರು ಇಲ್ವೇನ್ಲಾ? ಓಗಿ ಕಂಪ್ಲೇಂಟ್ ಕೊಡು ಮೊದ್ಲು!”

ಹೊಟ್ಟೆ ಹಿಡಿದುಕೊಂಡು ನಕ್ಕೆ. ವಿಷಯ ಬಿಡಿಸಿ ಹೇಳಿದೆ.

“ಗುಂಡು ಎತ್ತಿದ್ದಕ್ಕಾ?”

“ಹೂಂ.”

“ಸರಿ ಬುಡು,” ಎಂದು ಫೋನ್ ಇಟ್ಟರು. ಆಮೇಲೆ ನನಗೂ ನಗು ಬರಲಿಲ್ಲ.

ಈಗ ನಿಜ ಹೇಳಬೇಕು. ನಮ್ಮೂರ ಬಸವಣ್ಣನ ಗುಡಿಯ ಹಿಂದೆ ಒಂದು ದುಂಡನೆ ಕಲ್ಲಿದೆ. ಯುಗಾದಿಯ ಮಾರನೇ ದಿನ, ವರ್ಷತೊಡಕಿಗೆ, ಗುಡಿಯ ಮುಂದೆ ಅದನ್ನು ಹೆಗಲಿಗೆ ಎತ್ತುವ ಪಂದ್ಯ. ಎತ್ತಿದವನಿಗೆ ಪೇಟ. ಆಗ ನನಗೆ ಹತ್ತೊಂಬತ್ತು. ತೊಡೆಯವರೆಗೆ ತಂದೆ, ಅಲ್ಲಿಗೆ ದಮ್ಮು ಮುಗಿಯಿತು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ದ್ಯಾವಯ್ಯ, ನಾನು ಬೀಳದ ಹಾಗೆ ಹಿಡಿದುಕೊಳ್ಳುವವನಂತೆ ಹಿಂದಿನಿಂದ ಬಂದು ಎರಡೂ ಕೈಯನ್ನು ಕಲ್ಲಿನಡಿಗೆ ಕೊಟ್ಟ. ಕಲ್ಲು ಹೆಗಲೇರಿತು. ಊರೇ ನೋಡಿತು. ಗೌಡರ ಮಗ, ಯಾರು ಬಾಯಿ ಬಿಡುತ್ತಾರೆ? ಶಿಳ್ಳೆ ಹೊಡೆದರು, ಪೇಟ ಕಟ್ಟಿದರು. ನಾನು ಕಟ್ಟಿಸಿಕೊಂಡೆ. ಥೂ ನನ್ನ ಜನ್ಮಕ್ಕೆ!

ಅಷ್ಟೇ ಆಗಿದ್ದರೆ ಹುಡುಗು ಬುದ್ಧಿ ಎನ್ನಬಹುದಿತ್ತು. ಪ್ರತಿ ವರ್ಷ ಪಂದ್ಯಕ್ಕೆ ಮುಂಚೆ ಆ ಕಲ್ಲನ್ನು ಗುಡಿಯ ಹಿಂದಿನಿಂದ ಹೆಗಲ ಮೇಲೆ ಹೊತ್ತು ಮುಂದಕ್ಕೆ ತಂದಿಡುತ್ತಿದ್ದವನು ದ್ಯಾವಯ್ಯನೇ. ಒಬ್ಬನೇ. ಪಂದ್ಯ ಮುಗಿದ ಮೇಲೆ ವಾಪಸ್ ಹೊತ್ತು ಹಾಕುತ್ತಿದ್ದವನೂ ಅವನೇ. ಅದನ್ನು ನಾವು ಯಾರೂ ಗುಂಡು ಎತ್ತುವುದು ಎನ್ನಲಿಲ್ಲ. ಅದು ಕೆಲಸ. ಪೇಟ ಕಟ್ಟಬೇಕೆಂದು ಯಾರಿಗೂ ತೋಚಲೇ ಇಲ್ಲ. ವಯಸ್ಸಿನಲ್ಲಿ ನನ್ನಪ್ಪನಿಗಿಂತ ದೊಡ್ಡವನು. ಜೊಸೆಬಾರನ್ನು ‘ಅವರು’ ಎನ್ನುತ್ತಿದ್ದೇನೆ, ಇವನನ್ನು ‘ಅವನು’ ಎನ್ನುತ್ತಿದ್ದೇನೆ, ನೋಡಿ. ಬರೆಯುವಾಗಲೂ ಹಾಗೇ ಬರುತ್ತದೆ.

ಹೋದ ವರ್ಷ ರಜೆಗೆ ಹೊರಟಾಗ ಜೊಸೆಬಾ ನನ್ನ ಜೊತೆಗೇ ಬಂದರು. ಆ ಕಲ್ಲು ನೋಡಲೇಬೇಕು ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ದಾರಿಯಲ್ಲಿ ಹಿರೀಸಾವೆಯ ಹೋಟೆಲಿನಲ್ಲಿ ಅವರು ನಾಲ್ಕು ಇಡ್ಲಿ ತಿಂದರು, ನನಗೆ ಒಂದೂ ಇಳಿಯಲಿಲ್ಲ. ಊರು ಸೇರುವ ಹೊತ್ತಿಗೆ ಅಪ್ಪ ಹೇಳಿಸಿ ಕಲ್ಲನ್ನು ಗುಡಿಯ ಮುಂದೆ ತರಿಸಿಟ್ಟಿದ್ದರು. ತೊಳೆದು, ಕುಂಕುಮ ಇಟ್ಟಿತ್ತು. ಪಕ್ಕದಲ್ಲಿ ದ್ಯಾವಯ್ಯ, ತಲೆಗೆ ಟವಲ್ ಸುತ್ತಿಕೊಂಡು ನಿಂತಿದ್ದ.

ಜೊಸೆಬಾ ಕಲ್ಲನ್ನು ಸವರಿ, “ಎತ್ತು, ನೋಡೋಣ” ಎಂದರು.

“ಸೊಂಟ ಹಿಡಿದುಕೊಂಡಿದೆ” ಎಂದೆ. ಹಿಂದಿನ ಭಾನುವಾರವಷ್ಟೇ ಅವರ ಜೊತೆಯಲ್ಲೇ ಚಿಂದೋಕಿ ಹತ್ತಿದ್ದ ಸೊಂಟ! ಅವರು ದ್ಯಾವಯ್ಯನ ಕಡೆ ತಿರುಗಿದರು. “ಇವನು ಎತ್ತಿದ್ದನ್ನು ನೀವು ನೋಡಿದ್ದೀರಾ?” ನನಗೆ, “ಕೇಳು ಅವರನ್ನ.” ಎರಡೂ ಭಾಷೆ ಬರುತ್ತಿದ್ದವನು ಅಲ್ಲಿ ನಾನೊಬ್ಬನೇ.

“ದ್ಯಾವಯ್ಯ, ನಾನು ಗುಂಡು ಎತ್ತಿದ್ದು ನೋಡಿದ್ಯಾ ಅಂತ ಕೇಳ್ತಾವ್ರೆ.”

“ನೋಡ್ದೆ ಅಂತ ಏಳಪ್ಪ. ಇಂದ್ಗಡೆನೇ ನಿಂತಿದ್ನಲ್ಲಾ.”

‘ನೋಡಿದ್ದಾನಂತೆ’ ಎಂದಷ್ಟೇ ಹೇಳಿದೆ. ಎರಡನೇ ಮಾತನ್ನು ನುಂಗಿಕೊಂಡೆ.

“ಈ ಕಲ್ಲನ್ನು ಇಲ್ಲಿಗೆ ತಂದವರು ಯಾರು? ಯಾವ ಗಾಡಿಯಲ್ಲಿ?” ಎಂದರು ಜೊಸೆಬಾ. ಇದಕ್ಕೆ ನನ್ನ ಹತ್ತಿರ ಸುಳ್ಳು ತಯಾರಿರಲಿಲ್ಲ. ಕೇಳಿದ್ದನ್ನು ಹಾಗೇ ಕೇಳಿದೆ.

ದ್ಯಾವಯ್ಯ ನಕ್ಕ. “ಗಾಡಿ ಯಾಕ್ ಸಾ? ಇಂಗ್ ತಕಳದು, ಇಂಗ್ ಮಡಿಕಳದು.” ಬರಿಗೈಯಲ್ಲೇ ಬಗ್ಗಿ ತೋರಿಸಿದ. ಮೊದಲು ತೊಡೆಗೆ, ಅಲ್ಲಿಂದ ಹೊಟ್ಟೆಗೆ, ಎದೆಗೆ, ಹೆಗಲಿಗೆ. “ಈಗ ವಯಸ್ಸಾಯ್ತು, ಆರೇಲಿ ಮೀಟಿ ಉಳ್ಳುಸ್ಕ ಬಂದೆ.”

ಬಗ್ಗಿ ತೋರಿಸಿದ್ದಕ್ಕೆ ಅನುವಾದ ಬೇಕಾಗಲಿಲ್ಲ. ಜೊಸೆಬಾ ತಾವೂ ಹಾಗೆಯೇ ಎತ್ತುತ್ತಿದ್ದವರು. ತಮ್ಮ ತಲೆಯ ಮೇಲಿದ್ದ ಹಳೇ ಟೋಪಿಯನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ದ್ಯಾವಯ್ಯನ ಟವಲಿನ ಮೇಲೆಯೇ ಇಟ್ಟು ತಲೆ ಬಗ್ಗಿಸಿದರು. ನನ್ನ ಮುಖ ನೋಡಲಿಲ್ಲ.

ದ್ಯಾವಯ್ಯನಿಗೆ ಗಾಬರಿ. “ಯಾಕಪ್ಪ ನಂಗೆ ಟೋಪಿ ಆಕಿದ್ರು?”

ಗೆದ್ದವನಿಗೆ ಹಾಕುತ್ತಾರೆ, ಅಷ್ಟೇ ಹೇಳಬೇಕಿತ್ತು. ಸುತ್ತ ಅಪ್ಪ, ಊರಿನ ಹತ್ತು ಜನ ನಿಂತಿದ್ದರು.

“ಬಿಸ್ಲು ಜಾಸ್ತಿ ಅಲ್ವಾ, ಅದಕ್ಕೆ” ಎಂದೆ.

ಮಾರನೇ ಬೆಳಿಗ್ಗೆ ಹೊರಡುವಾಗ, ಜೊಸೆಬಾ ಒಳಗೆ ಕಾಫಿ ಕುಡಿಯುತ್ತಿದ್ದರು. ದ್ಯಾವಯ್ಯ ಕಾರಿನ ಹತ್ತಿರ ಬಂದು ಒಂದು ಪ್ಲಾಸ್ಟಿಕ್ ಕವರ್ ನನ್ನ ಕೈಗಿಟ್ಟ.

“ಅವ್ರ ಟೋಪಿ ಕಣಪ್ಪ. ಬ್ಯಾಡ ಅಂದ್ರೆ ನೊಂದ್ಕತಾರೆ ಅಂತ ನೆನ್ನೆ ಸುಮ್ಕಿದ್ದೆ. ಬಿಸ್ಲಿಗೆ ನಂಗೆ ಟವಲ್ ಐತೆ.”

ಆಗಲಾದರೂ ಹೇಳಬಹುದಿತ್ತು. ಕವರನ್ನು ಬ್ಯಾಗಿನ ತಳಕ್ಕೆ ತುರುಕಿ ಜಿಪ್ ಎಳೆದೆ.

ತೊಲೋಸಾದ ನನ್ನ ಬೀರುವಿನಲ್ಲಿ ಈಗ ಎರಡು ಟೋಪಿಗಳಿವೆ. ಬೆಟ್ಟ ಹತ್ತುವಾಗ ಜೊಸೆಬಾ ಒಮ್ಮೊಮ್ಮೆ ಕೇಳುತ್ತಾರೆ, ದ್ಯಾವಯ್ಯ ಟೋಪಿ ಹಾಕಿಕೊಳ್ಳುತ್ತಾರಾ ಎಂದು.

ದಿನಾ ಹಾಕಿಕೊಳ್ಳುತ್ತಾರೆ ಎನ್ನುತ್ತೇನೆ.